ಸಹಾಯ ಬೇಕು: ಎಡಗಾಲಿನ ಆಂಜಿಯೋಗ್ರಾಮ್, 36246 ಹಾಕೋದಾ 36247 ಹಾಕೋದಾ?

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಕೂತು ಅಮೆರಿಕದ ಬಿಲ್‌ಗಳಿಗೆ ವ್ಯಾಸ್ಕುಲರ್ ಕೋಡಿಂಗ್ (ರಕ್ತನಾಳದ ಪರೀಕ್ಷೆ, ಚಿಕಿತ್ಸೆಗಳಿಗೆ CPT ಎಂಬ ಸಂಖ್ಯಾ ಕೋಡ್ ಹಾಕುವ ಕೆಲಸ) ಮಾಡುವ ತಂಡ ನಮ್ಮದು. ಒಂದು ಚಾರ್ಟ್ ಬಗೆಹರಿಯುತ್ತಿಲ್ಲ.

ಬಲ ತೊಡೆಸಂದಿಯಲ್ಲಿ ಪಂಕ್ಚರ್. ಕ್ಯಾತಿಟರ್ (ತೆಳು ನಳಿಕೆ) ಅಯೋರ್ಟಾದಲ್ಲಿ, ಅಂದರೆ ಹೊಟ್ಟೆಯ ಮುಖ್ಯ ರಕ್ತನಾಳದಲ್ಲಿ, ಇಟ್ಟು ಪೂರ್ತಿ ಚಿತ್ರ, ಆಮೇಲೆ ಅದರ ಕವಲು ದಾಟಿ ಎಡಗಾಲಿಗೆ, ಕೊನೆಗೆ ಶೀತ್ (ಪಂಕ್ಚರ್ ಜಾಗದಲ್ಲಿಟ್ಟ ಕೊಳವೆ) ಮೂಲಕ ಬಲಗಾಲಿನ ಚಿತ್ರ. ಚಿತ್ರಗಳಿಗೆ 75625 (ಅಯೋರ್ಟಾ), 75716 (ಎರಡೂ ಕಾಲು). ಆಸ್ಪತ್ರೆಯಲ್ಲಿ ಆಗಿದ್ದರಿಂದ ವೈದ್ಯರ ಬಿಲ್‌ಗೆ 26 ಮಾಡಿಫೈಯರ್ (ವೈದ್ಯರ ಕೆಲಸದ ಭಾಗ ಮಾತ್ರ ಎಂಬ ಗುರುತು). ಅದೇ ಪಂಕ್ಚರ್‌ನಿಂದ ಮುಂದಕ್ಕೆ ಹೋಗಿರುವುದರಿಂದ 36200 (ಅಯೋರ್ಟಾಕ್ಕೆ ಕ್ಯಾತಿಟರ್ ಹಾಕುವ ಕೋಡ್) ಬೇರೆ ಬರಲ್ಲ.

ತೊಡಕಿರುವುದು ಕ್ಯಾತಿಟರ್ ತುದಿ ಎಲ್ಲಿ ನಿಂತಿತು ಅನ್ನೋದರಲ್ಲಿ. ಕಾಲಿಗೆ ಹೋಗುವ ರಕ್ತನಾಳದಲ್ಲಿ ಮೇಲಿನಿಂದ ಕೆಳಕ್ಕೆ ನೋಡಿದರೆ, ಎಡ ಕಾಮನ್ ಇಲಿಯಾಕ್ ಆದರೆ 36245, ಎಕ್ಸ್‌ಟರ್ನಲ್ ಇಲಿಯಾಕ್ ಅಥವಾ ಕಾಮನ್ ಫೆಮೊರಲ್ ಆದರೆ 36246, ಸೂಪರ್‌ಫಿಶಿಯಲ್ ಫೆಮೊರಲ್ ಆದರೆ 36247. ರಿಪೋರ್ಟಿನಲ್ಲಿ ‘ಎಡ ಫೆಮೊರಲ್’ ಎಂದಷ್ಟೇ ಇದೆ, ಕಾಮನ್ನೋ ಸೂಪರ್‌ಫಿಶಿಯಲ್ಲೋ ಹೇಳಿಲ್ಲ! ಮೊಣಕಾಲ ಕೆಳಗಿನ ರಕ್ತನಾಳ ಕಂಡಿದೆ ಎಂದು 36247 ಹಾಕುವುದು ತಪ್ಪು. ಡೈ ಹರಿದ ಜಾಗಕ್ಕಲ್ಲ, ಕ್ಯಾತಿಟರ್ ತಲುಪಿದ ಜಾಗಕ್ಕೆ ಕೋಡ್.

ನೀವಾಗಿದ್ದರೆ ವೈದ್ಯರ ಅಡೆಂಡಮ್ (ರಿಪೋರ್ಟಿಗೆ ಸೇರಿಸುವ ಸ್ಪಷ್ಟನೆ) ಬರುವ ತನಕ ಬಿಲ್ ತಡೆಹಿಡಿಯುತ್ತೀರಾ, 36246ಕ್ಕೆ ಇಳಿಸಿ ಕಳಿಸುತ್ತೀರಾ? ನನಗೆ ತಡೆಹಿಡಿಯುವುದೇ ಸರಿ ಅನ್ನಿಸುತ್ತದೆ. ಉತ್ತರವನ್ನು ನಾವೇ ಬಾಯಿಗಿಟ್ಟಂತೆ ಆಗದ ಹಾಗೆ ವೈದ್ಯರಿಗೆ ಕ್ವೆರಿ (ಸ್ಪಷ್ಟನೆ ಕೇಳುವ ಪ್ರಶ್ನೆ) ಬರೆಯೋದು ಹೇಗೆ? ಒಂದು ಮಾದರಿ ವಾಕ್ಯ ಕೊಟ್ಟರೆ ದೊಡ್ಡ ಉಪಕಾರ. ರೋಗಿಯ ವಿವರ ಇಲ್ಲಿ ಹಾಕಿಲ್ಲ, ದಯವಿಟ್ಟು ನೀವೂ ಹಾಕಬೇಡಿ.