ಎಳೆಗೂಸಿನ ಆಪರೇಷನ್ ಮತ್ತು ಮೈಬಿಸಿ: ಅರಿವಳಿಕೆ ವೈದ್ಯರಿಗೆ ನಿಮ್ಮ ಪ್ರಶ್ನೆಗಳು

ನಿರ್ವಾಹಕಿ: ಇಂದು ರಾತ್ರಿ 8 ಗಂಟೆಯಿಂದ ಡಾಕ್ಟರ್ ನಮ್ಮ ಜೊತೆಗಿರುತ್ತಾರೆ. ಶಿರಸಿಯಲ್ಲಿ ಹುಟ್ಟಿ ಬೆಳೆದವರು. ಆಪರೇಷನ್‌ಗೆ ಬರುವ ಎಳೆಯ ಮಕ್ಕಳಿಗೆ ಅರಿವಳಿಕೆ ಕೊಡುವುದು ಅವರ ಕೆಲಸ. ಹೆಸರು ಬೇಡ, ಊರು ಬರೆದು ಪ್ರಶ್ನೆ ಕೇಳಿ. ಫಾರ್ವರ್ಡ್ ಸಂದೇಶಗಳನ್ನು ಹಾಕಬೇಡಿ.

ಕುಮಟಾ: ನಮಸ್ಕಾರ ಡಾಕ್ಟರೇ. ನಮ್ಮ ಮಗಳು ಹುಟ್ಟಿ ಎರಡು ದಿನ. 35 ವಾರಕ್ಕೇ ಬಂದಳು, ತೂಕ 1.9 ಕಿಲೋ. ಹಸಿರು ವಾಂತಿ ಮಾಡುತ್ತಿದ್ದಳು. ಜಠರದಿಂದ ಮುಂದಕ್ಕೆ ಕರುಳು ಮುಚ್ಚಿಕೊಂಡಿದೆ ಎಂದಿದ್ದಾರೆ. ಬೆಳಗಿನ ಜಾವ ಮಣಿಪಾಲಕ್ಕೆ ಹೊರಡುತ್ತೇವೆ, ಅಲ್ಲಿ ಶಸ್ತ್ರಚಿಕಿತ್ಸೆ. ನನಗೆ ಚಳಿಯದೇ ಹೆದರಿಕೆ. ಹಿಂದೆ ನನಗೆ ಹರ್ನಿಯಾ ಆಪರೇಷನ್ ಆದಾಗ ಥಿಯೇಟರಿನಲ್ಲಿ ಹಲ್ಲು ಕಟಕಟ ಎನ್ನುತ್ತಿತ್ತು. ಬೊಗಸೆಯಷ್ಟಿರುವ ಕೂಸು ಹೊಟ್ಟೆ ತೆರೆಸಿಕೊಂಡು ಬರಿಮೈಯಲ್ಲಿ ಹೇಗೆ ತಡೆದೀತು?

ಡಾಕ್ಟರ್: ನಿಮ್ಮ ಹೆದರಿಕೆಯಲ್ಲಿ ತಪ್ಪಿಲ್ಲ. ಇಂಥ ಕೂಸು ಪಟ್ಟಿಯಲ್ಲಿದ್ದರೆ ಹಿಂದಿನ ರಾತ್ರಿ ನಾನೂ ಇದನ್ನೇ ಯೋಚಿಸುತ್ತಿರುತ್ತೇನೆ.

ನಿಮ್ಮ ಹಲ್ಲು ಕಟಕಟಿಸಿತಲ್ಲ, ದೊಡ್ಡವರ ಮೈ ಬಿಸಿ ಹುಟ್ಟಿಸಿಕೊಳ್ಳುವುದು ಆ ನಡುಕದಿಂದ. ಹಸುಗೂಸು ಹಾಗೆ ನಡುಗಲಾರದು. ಅದರ ಹೆಗಲೆಲುಬುಗಳ ನಡುವೆ, ಕುತ್ತಿಗೆ ಮತ್ತು ಮೂತ್ರಪಿಂಡಗಳ ಸುತ್ತ ಕಂದು ಬಣ್ಣದ ಕೊಬ್ಬಿರುತ್ತದೆ. ಅದನ್ನೇ ಉರಿಸಿ ಶಾಖ ಪಡೆಯುತ್ತದೆ. ತಿಂಗಳು ತುಂಬದೆ ಹುಟ್ಟಿದವರಿಗೆ ಈ ಕೊಬ್ಬು ಕಡಿಮೆ. ನಾನು ಅರಿವಳಿಕೆ ಕೊಟ್ಟರೆ ಇದ್ದಷ್ಟು ಒಲೆಯೂ ಆರಿಹೋಗುತ್ತದೆ. ಆಮೇಲೆ ಅದರ ಬಿಸಿಗೆ ಪೂರ್ತಿ ನಾವೇ ಹೊಣೆ. ತಣ್ಣಗಾದ ಕೂಸು ಅರಿವಳಿಕೆಯಿಂದ ಬೇಗ ಏಳುವುದಿಲ್ಲ, ಉಸಿರು ತಡೆತಡೆದು ಬರುತ್ತದೆ, ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಸಕ್ಕರೆ ಇಳಿಯುತ್ತದೆ.

ಆದ್ದರಿಂದ ಕೂಸು ಬರುವ ಮೊದಲೇ ಕೊಠಡಿಯನ್ನು 26 ಡಿಗ್ರಿ ಅಥವಾ ಅದಕ್ಕೂ ಮೇಲಕ್ಕೆ ಏರಿಸುತ್ತೇವೆ. ಸರ್ಜನ್ ಹಣೆಯ ಬೆವರನ್ನು ನರ್ಸ್ ಒರೆಸುತ್ತಿರಬೇಕಾಗುತ್ತದೆ. ಕೂಸಿನ ಕೆಳಗೆ ಬಿಸಿಗಾಳಿ ತುಂಬುವ ಹಾಸು, ತಲೆಗೆ ಟೋಪಿ, ಕೈಕಾಲುಗಳಿಗೆ ಹತ್ತಿಯ ಸುತ್ತು. ಡ್ರಿಪ್ ಬೆಚ್ಚಗಿರುತ್ತದೆ. ಮೈಯೊಳಗೊಂದು ಸಣ್ಣ ತಂತಿ ಇಟ್ಟು ಉಷ್ಣತೆಯನ್ನು ಪರದೆಯ ಮೇಲೆ ನೋಡುತ್ತಲೇ ಇರುತ್ತೇವೆ. ವಿಪರೀತ ಬಿಸಿಯೂ ಕೆಟ್ಟದ್ದೇ, ಅದಕ್ಕಾಗಿ.

ಇಷ್ಟೆಲ್ಲ ಮಾಡಿದ್ದನ್ನು ನಾಲ್ಕು ಚಮಚ ನೀರು ಕೆಡಿಸಬಲ್ಲದು. ಹೊಟ್ಟೆಗೆ ಶುಚಿ ಮಾಡುವ ಔಷಧ ಹಚ್ಚುವಾಗ ಅದು ಪಕ್ಕೆಯಿಂದ ಇಳಿದು ಬೆನ್ನಡಿ ನಿಲ್ಲುತ್ತದೆ. ಹಸಿರು ಬಟ್ಟೆ ಹೊದಿಸಿದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆಪರೇಷನ್ ಮುಗಿಯುವ ತನಕ ಕೂಸು ಒದ್ದೆಯಲ್ಲೇ ಮಲಗಿರುತ್ತದೆ. ಅದಕ್ಕೇ ಎರಡೂ ಪಕ್ಕೆಗೆ ಒಣಬಟ್ಟೆ ಸಿಕ್ಕಿಸಿ, ಹಚ್ಚಿ ಮುಗಿದ ಕೂಡಲೇ ಎಳೆದು ತೆಗೆಯುತ್ತೇವೆ. ಹೊದಿಸುವ ಮೊದಲು ನಾನು ಬೆನ್ನಡಿಗೆ ಬೆರಳು ತೂರಿಸಿ ನೋಡುತ್ತೇನೆ. ತುಸು ತೇವ ತಗುಲಿದರೂ ಹಾಸು ಬದಲಾಗಬೇಕು.

ಥಿಯೇಟರಿನ ಒಳಗಿನದನ್ನು ಮಣಿಪಾಲದ ವೈದ್ಯರು ನೋಡಿಕೊಳ್ಳುತ್ತಾರೆ. ನೀವು ದಾರಿಯನ್ನು ನೋಡಿಕೊಳ್ಳಿ. ದೂರದಿಂದ ಬರುವ ಮಕ್ಕಳು ಥಿಯೇಟರ್ ಬಾಗಿಲಿಗೆ ಬರುವಾಗಲೇ ತಣ್ಣಗಾಗಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಹೊರಡುವ ಮುಂಚೆ ಮೈಬಿಸಿ ಎಷ್ಟಿದೆ ಎಂದು ಕೇಳಿ ಬರೆದುಕೊಳ್ಳಿ, 36.5ರಿಂದ 37.5ರ ಒಳಗಿರಬೇಕು. ಆಂಬ್ಯುಲೆನ್ಸಿನಲ್ಲಿ ಇನ್‌ಕ್ಯುಬೇಟರ್ ಇದೆಯೇ ಎಂದು ಈಗಲೇ ಕೇಳಿ. ಎಸಿ ಬೇಡ, ಕಿಟಕಿ ಮುಚ್ಚಿರಲಿ. ಸ್ನಾನ ಬೇಡ, ಎಣ್ಣೆ ಬೇಡ. ಬಿಸಿನೀರಿನ ಬಾಟಲಿಯನ್ನು ಮೈಗೆ ತಾಗಿಸಿ ಇಡಲೇಬೇಡಿ, ಆ ಚರ್ಮ ಸುಟ್ಟುಹೋಗುತ್ತದೆ. ಮೂಗಿನಿಂದ ಜಠರಕ್ಕೆ ಹಾಕಿದ ನಳಿಕೆಯನ್ನು ಯಾರೂ ಎಳೆಯದಂತೆ ನೋಡಿಕೊಳ್ಳಿ.

ಕುಮಟಾ: ಇನ್‌ಕ್ಯುಬೇಟರ್ ಸಿಗದಿದ್ದರೆ?

ಡಾಕ್ಟರ್: ಕಳುಹಿಸುವ ವೈದ್ಯರು ಒಪ್ಪಿದರೆ ನಿಮ್ಮ ಎದೆಯೇ ಇನ್‌ಕ್ಯುಬೇಟರ್. ಅಂಗಿ ಬಿಚ್ಚಿ, ಟೋಪಿ ಮತ್ತು ಡೈಪರ್ ಮಾತ್ರ ಇರುವ ಕೂಸನ್ನು ಎದೆಗೆ ಎದೆ ತಾಗುವಂತೆ ಇಟ್ಟು ಮೇಲೆ ಕಂಬಳಿ ಹೊದ್ದುಕೊಳ್ಳಿ. ಮುಖ ಒಂದು ಬದಿಗೆ ತಿರುಗಿರಲಿ, ಮೂಗು ಕಾಣುತ್ತಿರಲಿ. ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ ಬಂದಾಗ ಶುರುವಾದ ಕ್ರಮ ಇದು. ಇಂದು ಎಲ್ಲ ಕಡೆ ಇದೆ. ಬಾಣಂತಿ ಕೈಲಾಗದೆ ಮಲಗಿದ್ದರೆ ತಂದೆ ಮಾಡಬಹುದು.

ಅಂಕೋಲಾ: ಟೋಪಿ ಉಣ್ಣೆಯದೋ ಹತ್ತಿಯದೋ?

ಡಾಕ್ಟರ್: ಯಾವುದಾದರೂ ಸರಿ. ಒಣಗಿರಬೇಕು.

ಭಟ್ಕಳ: ಇಂಥ ಆಪರೇಷನ್‌ಗೆ ಎಷ್ಟು ಖರ್ಚಾಗುತ್ತದೆ? ಸರ್ಕಾರಿ ಕಾರ್ಡ್ ನಡೆಯುತ್ತದೆಯೇ?

ಸಿದ್ದಾಪುರ: ನಮ್ಮ ಬಳಗದ ಗುಂಪಿನಲ್ಲಿ ಮಧ್ಯಾಹ್ನ ಬಂದದ್ದು, ಉಪಯೋಗವಾಗಲಿ ಎಂದು ಹಾಕುತ್ತಿದ್ದೇನೆ: "ಶೀತವಾದ ಮಗುವಿನ ಎದೆಗೂ ಅಂಗಾಲಿಗೂ ಬ್ರಾಂಡಿ ಹಚ್ಚಿ. ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯಿಂದ ಮೈ ತಿಕ್ಕಿ. ಬಾಗಿಲು ಮುಚ್ಚಿ ಮಂಚದ ಕೆಳಗೆ ಕೆಂಡ ಇಡಿ. ಅರ್ಧ ಗಂಟೆಯಲ್ಲಿ ಮೈ ಬಿಸಿ!"

ಡಾಕ್ಟರ್: ದಯವಿಟ್ಟು ಇದನ್ನು ಅಳಿಸಿ. ಬ್ರಾಂಡಿ ಆರುವಾಗ ಮೈಯ ಬಿಸಿಯನ್ನೇ ಹೀರಿಕೊಂಡು ಹೋಗುತ್ತದೆ. ಚರ್ಮದಿಂದ ಒಳಗಿಳಿದು ಸಕ್ಕರೆ ಇಳಿಸುತ್ತದೆ. ಕರ್ಪೂರದಿಂದ ಕೂಸಿಗೆ ಫಿಟ್ಸ್ ಬರಬಹುದು. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟರೆ ವಿಷಗಾಳಿಗೆ ತಾಯಿ ಮಗು ಇಬ್ಬರೂ ಸಾಯಬಹುದು. ಮೂರಕ್ಕೆ ಮೂರೂ ಅಪಾಯ.

ಸಿದ್ದಾಪುರ: ನಮ್ಮ ಅಜ್ಜಿ ಹನ್ನೊಂದು ಬಾಣಂತನ ಮಾಡಿದವರು. ಬಾಣಂತಿ ಕೋಣೆಯಲ್ಲಿ ಕೆಂಡ ಇಲ್ಲದ ಮನೆ ಘಟ್ಟದ ಮೇಲೆ ಯಾವುದಿತ್ತು, ಹೇಳಿ?

ಕಾರವಾರ: ಅಕ್ಕಾ, ಆಗಿನ ಮನೆಗಳಿಗೆ ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಈಗ ಆರ್‌ಸಿಸಿ ಮನೆ, ಗಾಜಿನ ಕಿಟಕಿ. ನಾನು ನರ್ಸ್. ಸುಟ್ಟ ಅಂಗಾಲುಗಳಿಗೆ ಪಟ್ಟಿ ಕಟ್ಟಿದ್ದೇನೆ.

ಸಿದ್ದಾಪುರ: ಹಾಗಾದರೆ ಹಿಂದಿನವರು ದಡ್ಡರೇ?

ಕಾರವಾರ: ಹನ್ನೊಂದರಲ್ಲಿ ಉಳಿದವು ಎಷ್ಟು, ಅದನ್ನೂ ಅಜ್ಜಿಯನ್ನು ಕೇಳಿ.

ಯಲ್ಲಾಪುರ: ಈ ಜಗಳ ಬಿಡಿ. ಎರಡು ದಿನದ ಕೂಸನ್ನು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಹೊತ್ತುಕೊಂಡು ಓಡಬೇಕಲ್ಲ, ಅದನ್ನು ಮಾತಾಡಿ. 2022ರಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಇಡೀ ಜಿಲ್ಲೆ ಕೂಗಿತು. ಅರಬೈಲು ಘಟ್ಟದಲ್ಲಿ ಲಾರಿ ಅಡ್ಡ ನಿಂತರೆ ನಮ್ಮ ಗತಿ ಏನು?

ಕಾರವಾರ: ಆಗಲಿ, ಜಿಲ್ಲಾ ಕೇಂದ್ರದಲ್ಲೇ ಆಗಲಿ.

ಶಿರಸಿ: ಕಾರವಾರಕ್ಕೆ ಬರುವ ಹೊತ್ತಿಗೆ ನಾವು ಹುಬ್ಬಳ್ಳಿ ಮುಟ್ಟಿರುತ್ತೇವೆ. ಘಟ್ಟದ ಮೇಲಿನವರು ಮನುಷ್ಯರಲ್ಲವೇ?

ಯಲ್ಲಾಪುರ: ನೀವಿಬ್ಬರೂ ಹೀಗೆ ಎಳೆದಾಡುವುದಕ್ಕೇ ಅದು ಎಲ್ಲಿಯೂ ಆಗುತ್ತಿಲ್ಲ.

ಹಳಿಯಾಳ: ಡಾಕ್ಟರೇ, ಟೋಪಿ ಉಣ್ಣೆಯದು ಒಳ್ಳೆಯದೋ ಹತ್ತಿಯದೋ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಹೊನ್ನಾವರ: ಡಾಕ್ಟರ್ ಮೇಡಂ, ದಯವಿಟ್ಟು ಇಲ್ಲಿ ನೋಡಿ. ಅಣ್ಣನ ಮಗನಿಗೆ 20 ದಿನ. ಆಪರೇಷನ್ ಆಗಿ ಮನೆಗೆ ಬಂದು ನಾಲ್ಕು ದಿನವಾಯಿತು. ಬೆಳಿಗ್ಗೆಯಿಂದ ಹಾಲು ಎಳೆಯುತ್ತಿಲ್ಲ, ಎಬ್ಬಿಸಿದರೂ ಏಳುತ್ತಿಲ್ಲ. ಪಾದ ತಣ್ಣಗಿವೆ. ಆ ಬ್ರಾಂಡಿ ಸಂದೇಶ ನಮ್ಮ ಮನೆಗೂ ಬಂದಿತ್ತು. ಸಂಜೆ ಹಚ್ಚಿದ್ದಾರೆ.

ಡಾಕ್ಟರ್: ಹೊಟ್ಟೆಯ ಮೇಲೆ ಕೈಯಿಡಿ. ಅದೂ ತಣ್ಣಗಿದೆಯೇ?

ಹೊನ್ನಾವರ: ಹೌದು. ತಣ್ಣಗಿದೆ.

ಡಾಕ್ಟರ್: ಈಗಲೇ ಹೊರಡಿ, ಬೆಳಗಿನವರೆಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ. ತಡವಾಗುವುದಾದರೆ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ. ಪಾದ ಮಾತ್ರ ತಣ್ಣಗಿದ್ದರೆ ಅದು ಚಳಿ; ಹೊಟ್ಟೆಯೂ ತಣ್ಣಗಾಗಿ ಹಾಲು ಬಿಟ್ಟಿದ್ದರೆ ಒಳಗೆ ಸೋಂಕು ಇರಬಹುದು. ಇಷ್ಟು ಎಳೆಯ ಮಕ್ಕಳಿಗೆ ಸೋಂಕಾದಾಗ ಜ್ವರ ಬರದೆ ಮೈ ತಣ್ಣಗಾಗುವುದುಂಟು. ಬ್ರಾಂಡಿಯನ್ನು ಒಣಬಟ್ಟೆಯಿಂದ ಒರೆಸಿ, ಟೋಪಿ ಹಾಕಿ, ತಾಯಿಯ ಎದೆಗೆ ತಾಗಿಸಿ ಕಂಬಳಿ ಹೊದಿಸಿ. ಬಾಯಿಗೆ ಏನನ್ನೂ ಒತ್ತಾಯದಿಂದ ಹಾಕಬೇಡಿ.

ಸಿದ್ದಾಪುರ: ಸ್ವಲ್ಪ ಸಾಂಬ್ರಾಣಿ ಹೊಗೆ ಕೊಟ್ಟು ಹೊರಟರೆ

ಡಾಕ್ಟರ್: ನೀವು ಸುಮ್ಮನಿರಿ. ಹೊನ್ನಾವರದವರೇ, ಹೊರಟಿರಾ?

ಶಿರಸಿ: ಹಿರಿಯರ ಜೊತೆ ಡಾಕ್ಟರ್ ಹೀಗೆ ಮಾತನಾಡಬಾರದಿತ್ತು.

ನಿರ್ವಾಹಕಿ: ಬೇರೆ ಯಾರೂ ಬರೆಯಬೇಡಿ. ಸಿದ್ದಾಪುರದವರ ಸಂದೇಶ ಅಳಿಸುತ್ತಿದ್ದೇನೆ.

ಡಾಕ್ಟರ್: ಹೊನ್ನಾವರ?

ಹೊನ್ನಾವರ: ಆಸ್ಪತ್ರೆಗೆ ಬಂದೆವು. ಮೈಬಿಸಿ 35.1 ಎಂದರು. ಸಕ್ಕರೆ ಕಡಿಮೆ ಇದೆ ಎಂದು ಡ್ರಿಪ್ ಹಾಕಿ ವಾರ್ಮರ್ ಕೆಳಗೆ ಮಲಗಿಸಿದ್ದಾರೆ. ಏನೇನು ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಅತ್ತೆ ಅಳುತ್ತಿದ್ದಾರೆ, ಹೇಳುವುದು ಬೇಡ ಎನ್ನುತ್ತಿದ್ದಾರೆ.

ಡಾಕ್ಟರ್: ಬ್ರಾಂಡಿ ಹಚ್ಚಿದ್ದನ್ನು ಹೇಳಿ. ಎಷ್ಟು ಹಚ್ಚಿದಿರಿ, ಎಷ್ಟು ಗಂಟೆಗೆ, ಬಾಯಿಗೂ ಹಾಕಿದ್ದರೆ ಅದನ್ನೂ. ಅತ್ತೆಯವರನ್ನು ಯಾರೂ ಬಯ್ಯುವುದು ಬೇಡ. ಈಗಲೇ ಒಳಗೆ ಹೋಗಿ ಹೇಳಿ.