ಬೆಂಗಳೂರು–ಸಿಡ್ನಿ: ಎ350 ಒಳ್ಳೆಯದೋ ಎ380ಯೋ? ನಡುವೆ ಮರೀನಾ ಬೇ ನೋಡಿ ಬರಬಹುದೇ?

ಕಿಟಕಿ_ಸೀಟು:
ಎಪ್ಪತ್ತರ ಆಸುಪಾಸಿನ ಇಬ್ಬರಿಗೆ ಬೆಂಗಳೂರಿಂದ ಸಿಡ್ನಿಗೆ ಎಕಾನಮಿ ಟಿಕೆಟ್ ಮಾಡಿಸಬೇಕಿದೆ. ಸಿಂಗಪುರ ಏರ್‌ಲೈನ್ಸ್ ನೋಡುತ್ತಿದ್ದೇನೆ. ಸಂಜೆ 5ಕ್ಕೆ ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿದು, ಮುಂದಿನ ವಿಮಾನ ರಾತ್ರಿ 12.30ರ ನಂತರ. ಎರಡು ಪ್ರಶ್ನೆ: 1) ಸಿಡ್ನಿ ಹಾದಿಗೆ ಏರ್‌ಬಸ್ ಎ350, ಎ380 ಎರಡೂ ವಿಮಾನ ತೋರಿಸುತ್ತಿದೆ, ಯಾವುದು ಮೇಲು? 2) ಅಷ್ಟು ಹೊತ್ತಿನಲ್ಲಿ ಊರೊಳಗಿನ ಮರೀನಾ ಬೇ ದಡಕ್ಕೆ ಹೋಗಿ ಬರಬಹುದೇ? ವೀಸಾ ಬೇಕೇ?

ಉದ್ದಕಾಲು:
ಬರೀ ಸೀಟಿನ ವಿಷಯ ಹೇಳುತ್ತೇನೆ. ಎ350ರ ಎಕಾನಮಿಯಲ್ಲಿ ಸಾಲಿಗೆ 3-3-3, ಎ380ಯ ಕೆಳ ಅಂತಸ್ತಿನಲ್ಲಿ 3-4-3. ಅಗಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಎ350ಯೊಳಗಿನ ಗಾಳಿಯ ಒತ್ತಡ ಸುಮಾರು 6,000 ಅಡಿ ಎತ್ತರದ ಜಾಗದಲ್ಲಿರುವಷ್ಟು (ಈ ಎತ್ತರ ಕಡಿಮೆ ಇದ್ದಷ್ಟೂ ದಣಿವು ಕಡಿಮೆ), ಹಳೆಯ ಅಲ್ಯೂಮಿನಿಯಂ ವಿಮಾನಗಳಲ್ಲಿ 8,000 ಅಡಿಯವರೆಗೂ ಹೋಗುತ್ತದೆ. ಎ350ಯ ಗಾಳಿಯಲ್ಲಿ ತೇವವೂ ತುಸು ಹೆಚ್ಚು, ಹಾಗಾಗಿ ಗಂಟಲು ಅಷ್ಟಾಗಿ ಒಣಗುವುದಿಲ್ಲ. ವಯಸ್ಸಾದವರಿಗಾದರೆ ನನ್ನ ಓಟು ಎ350ಗೆ.

ಇಬ್ಬರೇ ಇದ್ದರೆ ಕಿಟಕಿ ಬದಿಯ ಮೂರರಲ್ಲಿ ಕೂರಿಸಬೇಡಿ, ಶೌಚಾಲಯಕ್ಕೆ ಏಳುವಾಗಲೆಲ್ಲ ಪಕ್ಕದವರನ್ನು ಎಬ್ಬಿಸಬೇಕು. ನಡುವಿನ ಮೂರರಲ್ಲಿ ಹಜಾರದ ಸೀಟು ಮತ್ತು ಅದರ ಪಕ್ಕದ್ದು ತೆಗೆದುಕೊಳ್ಳಿ. ಮೂರನೆಯವರಿಗೆ ಆಚೆ ಬದಿ ಅವರದೇ ಹಜಾರ ಇರುತ್ತದೆ, ಇವರನ್ನು ದಾಟುವ ಪ್ರಮೇಯವೇ ಬರುವುದಿಲ್ಲ. ಮುಂದೆ ಗೋಡೆಯಿರುವ ಸಾಲಿನಲ್ಲಿ ಕಾಲು ಚಾಚಬಹುದು, ಆದರೆ ಮಗುವಿನ ತೊಟ್ಟಿಲು ತೂಗುಹಾಕುವುದೂ ಅಲ್ಲೇ. ಟ್ರೇ ಸೀಟಿನ ತೋಳಿನೊಳಗೆ ಅಡಗಿರುವುದರಿಂದ ಸೀಟು ಕೊಂಚ ಬಿಗಿ.

ಸಾಲು31:
ಎ380ಯಲ್ಲಿ ಮಹಡಿ ಮೇಲಿನ ಎಕಾನಮಿ ಪ್ರಶಾಂತವಾಗಿರುತ್ತೆ ಅಂತ ಕೇಳಿದ್ದೆ. ಅದನ್ನೇ ಹಿಡಿಯಬಹುದಲ್ಲ?

ಉದ್ದಕಾಲು:
ಅದು ಹಳೆಯ ಕಥೆ. ಈಗಿನ ವಿನ್ಯಾಸದಲ್ಲಿ ಮಹಡಿಯಲ್ಲಿರುವುದು 6 ಸೂಟ್ (ಕೋಣೆಯಂಥ ದುಬಾರಿ ಸೀಟು), 78 ಬಿಸಿನೆಸ್ ಸೀಟು ಅಷ್ಟೆ. ಎಕಾನಮಿಯ 343 ಸೀಟೂ ಕೆಳಗೇ. ಇನ್ನೊಂದು, ಎಕಾನಮಿ ಇರುವ ಎ350ಯಲ್ಲೂ ಎರಡು ತಳಿ. ಸೀಟಿನ ನಕ್ಷೆಯಲ್ಲಿ ಪ್ರೀಮಿಯಂ ಎಕಾನಮಿ ಕಂಡರೆ ದೂರದ ಹಾದಿಯದು, 253 ಸೀಟು. ಅದಿಲ್ಲದಿದ್ದರೆ 303 ಸೀಟಿನದು. ಬುಕ್ ಮಾಡುವ ಮುನ್ನ ನಕ್ಷೆ ತೆರೆದು ನೋಡಿ.

ಗೇಟ್_ಹುಡುಕಾಟ:
ಎರಡನೇ ಪ್ರಶ್ನೆಗೆ. ಭಾರತೀಯ ಪಾಸ್‌ಪೋರ್ಟಿಗೆ ಸಿಂಗಪುರ ವೀಸಾ ಬೇಕು. ಆದರೆ ಆಸ್ಟ್ರೇಲಿಯಾದ ವೀಸಾ ಕನಿಷ್ಠ ಒಂದು ತಿಂಗಳು ಚಾಲ್ತಿಯಲ್ಲಿದ್ದು, ಮುಂದಿನ ಟಿಕೆಟ್ ಖಚಿತವಾಗಿದ್ದರೆ 96 ಗಂಟೆಯ ವೀಸಾರಹಿತ ಟ್ರಾನ್ಸಿಟ್ ಕೇಳಬಹುದು. ಕೊಡುವುದು ಬಿಡುವುದು ಕೌಂಟರಿನ ಅಧಿಕಾರಿಗೆ ಬಿಟ್ಟಿದ್ದು. ಆಸ್ಟ್ರೇಲಿಯಾದವರು ಪಾಸ್‌ಪೋರ್ಟಿನಲ್ಲಿ ಸ್ಟಿಕರ್ ಅಂಟಿಸುವುದಿಲ್ಲ, ಆದ್ದರಿಂದ ವೀಸಾ ಮಂಜೂರಾತಿ ಪತ್ರದ ಪ್ರಿಂಟ್ ಕೈಯಲ್ಲಿರಲಿ. ಎಸ್‌ಜಿ ಅರೈವಲ್ ಕಾರ್ಡನ್ನು (ಸಿಂಗಪುರ ಪ್ರವೇಶದ ಫಾರಂ) ಇಳಿಯುವ ದಿನವೂ ಸೇರಿ ಮೂರು ದಿನದೊಳಗೆ ಆನ್‌ಲೈನಿನಲ್ಲಿ ತುಂಬಿ. ಅದು ಉಚಿತ, ದುಡ್ಡು ಕೇಳುವ ಸೈಟುಗಳೆಲ್ಲ ದಲ್ಲಾಳಿಗಳವು.

ವೀಲ್‌ಚೇರ್ ಕೇಳಿದ್ದರೆ ಹೊರಗೆ ಹೋಗಿ ಬರುತ್ತೇವೆಂದು ಮೊದಲೇ ಹೇಳಿ. ಇಲ್ಲವಾದರೆ ನೇರ ಟ್ರಾನ್ಸಿಟ್ ಕಡೆಗೇ ತಳ್ಳಿಕೊಂಡು ಹೋಗುತ್ತಾರೆ.

5ಕ್ಕೆ ಇಳಿದರೆ ಹೊರಬೀಳುವಾಗ 6. ಎಂಆರ್‌ಟಿಯಲ್ಲಿ (ಅಲ್ಲಿನ ಮೆಟ್ರೋ) ಒಂದೇ ನಿಲ್ದಾಣ ಹೋಗಿ ಎಕ್ಸ್‌ಪೋದಲ್ಲಿ ನೀಲಿ ಡೌನ್‌ಟೌನ್ ಲೈನಿಗೆ ಬದಲಿಸಿ, ಮರೀನಾ ಬೇ ಪಕ್ಕದ ಬೇಫ್ರಂಟ್‌ನಲ್ಲಿ ಇಳಿಯಿರಿ. ಮುಕ್ಕಾಲು ಗಂಟೆ. ಟಿಕೆಟ್ ಬೇಡ, ವೀಸಾ ಕಂಪನಿಯ ಬ್ಯಾಂಕ್ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ತಾಗಿಸಿದರೆ ಸಾಕು. ನಮ್ಮ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಸಾಮಾನ್ಯವಾಗಿ ಆಫ್ ಆಗಿರುತ್ತದೆ, ಕೆಂಪು ದೀಪ ಬಂದು ಗೇಟಿನಲ್ಲಿ ಸಿಕ್ಕಿಕೊಳ್ಳುವುದು ಇದಕ್ಕೇ. ಹೊರಡುವ ಮೊದಲೇ ಬ್ಯಾಂಕ್ ಆ್ಯಪಿನಲ್ಲಿ ಆನ್ ಮಾಡಿ. ಒಬ್ಬೊಬ್ಬರಿಗೂ ಬೇರೆ ಕಾರ್ಡ್ ಬೇಕು.

ಸೂರ್ಯ ಮುಳುಗುವುದು ವರ್ಷವಿಡೀ ಸುಮಾರು 7ಕ್ಕೆ. ನೀರಂಚಿನ ಮೆಟ್ಟಿಲ ಮೇಲೆ ಕೂತರೆ ಎದುರು ದಡದಲ್ಲಿ ಸಿಂಹದ ತಲೆ, ಮೀನಿನ ಮೈಯ ಮೆರ್ಲಯನ್ ಪ್ರತಿಮೆ ಪುಟ್ಟದಾಗಿ ಬಾಯಿಂದ ನೀರುಗುಳುತ್ತಿರುತ್ತದೆ. ಅಲ್ಲಿವರೆಗೆ ನಡೆಸಬೇಡಿ, ಇಡೀ ಸುತ್ತು ಮೂರೂವರೆ ಕಿಲೋಮೀಟರ್. (ಸಮುದ್ರದ ನೀರು ಅಂದುಕೊಳ್ಳಬೇಡಿ. 2008ರಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಅದು ಸಿಹಿನೀರಿನ ಜಲಾಶಯ.) 8ಕ್ಕೆ ಅಲ್ಲೇ ಸ್ಪೆಕ್ಟ್ರಾ ಕಾರಂಜಿ, 15 ನಿಮಿಷ, ಉಚಿತ. ಆಮೇಲೆ ಗಾರ್ಡನ್ಸ್ ಬೈ ದ ಬೇಗೆ ದಾಟಿಕೊಂಡರೆ 8.45ಕ್ಕೆ ಸೂಪರ್‌ಟ್ರೀಗಳ (ಮರದಾಕಾರದ ಎತ್ತರದ ಗೋಪುರಗಳು) ದೀಪದ ಆಟ. ಸೂಪರ್‌ಟ್ರೀಗಳ 7.45ರ ಆಟವನ್ನೂ 8ರ ಕಾರಂಜಿಯನ್ನೂ ಒಟ್ಟಿಗೆ ಹಿಡಿಯಲು ಹೋದರೆ ಎರಡೂ ಅರ್ಧಂಬರ್ಧ. ಜೋರು ಮಳೆಯಾದರೆ ರದ್ದಾಗಬಹುದು. 9.15ಕ್ಕೆ ವಾಪಸ್ ರೈಲು ಹತ್ತಿದರೆ 10ಕ್ಕೆ ಚಾಂಗಿ. ನಮ್ಮ ಊಟ ಸಿಗುವ ಲಿಟ್ಲ್ ಇಂಡಿಯಾ ಬಡಾವಣೆ ಅದೇ ಲೈನಿನಲ್ಲಿ ನಾಲ್ಕು ನಿಲ್ದಾಣ ಆಚೆ, ಊಟ ಮುಗಿಸಿ ಬರಲು ಇನ್ನೂ ಒಂದು ಗಂಟೆ ಬೇಕು. ಈ ಸಲಕ್ಕೆ ಬಿಡಿ.

ಕಿಟಕಿ_ಸೀಟು:
ಧನ್ಯವಾದ. ಬ್ಯಾಗುಗಳು? ಸಸ್ಯಾಹಾರ?

ಗೇಟ್_ಹುಡುಕಾಟ:
ಒಂದೇ ಪಿಎನ್‌ಆರ್ ಆದರೆ ದೊಡ್ಡ ಬ್ಯಾಗು ನೇರ ಸಿಡ್ನಿಗೆ, ಬೆಂಗಳೂರಿನಲ್ಲೇ ಟ್ಯಾಗ್ ಓದಿಕೊಳ್ಳಿ. ಕೈಚೀಲಕ್ಕೆ ಚಾಂಗಿಯಲ್ಲಿ ಲಗೇಜ್ ಕೌಂಟರ್ ಇದೆ. ಊಟಕ್ಕೆ ಏವಿಎಂಎಲ್ (ಭಾರತೀಯ ಸಸ್ಯಾಹಾರದ ಸಂಕೇತ) ಅಂತ ಕನಿಷ್ಠ 24 ಗಂಟೆ ಮೊದಲು ಹಾಕಿ, ಎರಡೂ ವಿಮಾನಕ್ಕೂ ಹಾಕಿದ್ದೀರಾ ಅಂತ ನೋಡಿ. ಪವರ್‌ಬ್ಯಾಂಕ್ ಒಯ್ಯಬಹುದು, ಆದರೆ 2025ರ ಏಪ್ರಿಲ್‌ನಿಂದ ವಿಮಾನದೊಳಗೆ ಬಳಸುವಂತಿಲ್ಲ. ಮೊಬೈಲಿಗೆ ಸೀಟಿನ ಯುಎಸ್‌ಬಿ ಇದೆ. ಚಾಂಗಿಯ 1, 2, 3ನೇ ಟರ್ಮಿನಲ್‌ಗಳಲ್ಲಿ ತಪಾಸಣೆ ನಡೆಯುವುದು ಗೇಟಿನ ಬಾಗಿಲಲ್ಲಿ. ತುಂಬಿದ ನೀರಿನ ಬಾಟಲಿ ಅಲ್ಲಿ ಚೆಲ್ಲಿಸುತ್ತಾರೆ, ಖಾಲಿ ಬಾಟಲಿ ಒಯ್ಯಿರಿ.