17ರ ಮಗಳಿಗೆ ಒಸಡಿನ ಕಾಯಿಲೆ: ಮಾತ್ರೆ ಬೇಕಾ, ಬರೀ ಡೀಪ್ ಕ್ಲೀನಿಂಗ್ ಸಾಕಾ?

ತುಮಕೂರಿನ ತಾಯಿ: ಮಗಳಿಗೆ ಮುಂದಿನ ಹಲ್ಲು, ಮೊದಲ ದವಡೆ ಹಲ್ಲುಗಳ ಸುತ್ತ ಮೂಳೆ ಕರಗಿದೆ. ಒಬ್ಬ ಡಾಕ್ಟರು ಡೀಪ್ ಕ್ಲೀನಿಂಗ್ (ಒಸಡಿನ ಕೆಳಗೂ ಕೆರೆದು ತೆಗೆಯೋದು) ಜೊತೆ ಆಂಟಿಬಯೋಟಿಕ್ ಕೊಡೋಣ ಅಂತಾರೆ. ಇನ್ನೊಬ್ಬರು ಕ್ಲೀನಿಂಗ್ ಒಂದೇ ಸಾಕು ಅಂತಾರೆ. ಅನುಭವ ಇರೋರು ಹೇಳಿ.

ದಾವಣಗೆರೆ ಹುಡುಗ: ನನಗೆ 19ಕ್ಕೇ ಶುರುವಾಯಿತು. ಹಲ್ಲು ಬೆಳ್ಳಗೇ ಇತ್ತು, ಪಾಚಿ ಇರಲಿಲ್ಲ, ಹಾಗಾಗಿ ಮನೆಯಲ್ಲಿ ಯಾರೂ ನಂಬಲಿಲ್ಲ. ದವಡೆ ಹಲ್ಲಿನ ಪಾಕೆಟ್ (ಹಲ್ಲು, ಒಸಡಿನ ನಡುವಿನ ಸಂದು) 8 ಮಿ.ಮೀ. ಆಳ. ಎಕ್ಸ್‌ರೇಗೆ 400. ಡೀಪ್ ಕ್ಲೀನಿಂಗ್ ಬಾಯಿಯ ಒಂದು ಭಾಗಕ್ಕೆ 1,800ರಂತೆ ನಾಲ್ಕಕ್ಕೆ 7,200. ಆಂಟಿಬಯೋಟಿಕ್ ಮಾತ್ರೆ, ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್ ಸೇರಿ 260. ಮಾತ್ರೆ ಮುಗಿಯುವವರೆಗೂ ಬಾಯಿ ಕಬ್ಬಿಣ ನೆಕ್ಕಿದ ಹಾಗಿತ್ತು, ಬೆಣ್ಣೆ ದೋಸೆಯೂ ಸೇರುತ್ತಿರಲಿಲ್ಲ. ಈಗ ಅದೇ ಪಾಕೆಟ್ 4. ಎರಡೂ ಒಟ್ಟಿಗೆ ಮಾಡಿದ್ದಕ್ಕೇ ಹಲ್ಲು ಉಳಿಯಿತು.

ಹುಬ್ಬಳ್ಳಿ ಅಕ್ಕ: ನನ್ನ ತಮ್ಮನಿಗೆ ಒಬ್ಬ ಡಾಕ್ಟರು ಬರೀ ಮಾತ್ರೆ, ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಕೊಟ್ಟು ಕಳಿಸಿದರು. ಬಾವು ಇಳಿಯಿತು, ತಿಂಗಳೊಳಗೆ ಮತ್ತೆ ಕೀವು. ಮೌತ್‌ವಾಶ್‌ನಿಂದ ಹಲ್ಲೆಲ್ಲ ಕಂದು ಬಣ್ಣ, ಅದನ್ನು ತೆಗೆಸೋಕೆ 800. ಕೊನೆಗೆ ಫ್ಲಾಪ್ ಸರ್ಜರಿ (ಒಸಡು ಬಿಡಿಸಿ ಒಳಗೆ ಕ್ಲೀನ್ ಮಾಡೋದು), ಬೋನ್ ಗ್ರಾಫ್ಟ್ (ಮೂಳೆ ಕರಗಿದ ಜಾಗ ತುಂಬೋದು) ಸೇರಿ 28,000. ಆದರೂ ಒಂದು ಹಲ್ಲು ಹೋಯಿತು. ಒಸಡಿನ ಕೆಳಗೆ ಬ್ಯಾಕ್ಟೀರಿಯಾ ಪೊರೆ ಕಟ್ಟಿ ಕೂತಿರುತ್ತೆ. ಅದನ್ನು ಕೆರೆದು ತೆಗೆಯದೆ ಮಾತ್ರೆ ಏನು ಮಾಡುತ್ತೆ ಹೇಳಿ! ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಮಂಗಳೂರಿನವ: ನಾನು ಮಾತ್ರೆ ಬೇಡವೇ ಬೇಡ ಅಂದೆ. ಅಮಾಕ್ಸಿಸಿಲಿನ್ ತಗೊಂಡರೆ ನನಗೆ ಮೈತುಂಬ ಗಂದೆ. ಬರೀ ಕ್ಲೀನಿಂಗ್ ಮಾಡಿಸಿದೆ, ಮೂರು ತಿಂಗಳಿಗೊಮ್ಮೆ ಚೆಕಪ್, ಪ್ರತಿ ಸಲ 900. ಹಲ್ಲು ಗಟ್ಟಿಯಾಗಿವೆ. ಸುಮ್ನೆ ಆಂಟಿಬಯೋಟಿಕ್ ನುಂಗಿಸಬೇಡಿ.

ದಾವಣಗೆರೆ ಹುಡುಗ: ಅಣ್ಣಾ, ನಿಮ್ಮ ವಯಸ್ಸೆಷ್ಟು?

ಮಂಗಳೂರಿನವ: 41. ಅದಕ್ಕೇನೀಗ?

ದಾವಣಗೆರೆ ಹುಡುಗ: ಅದೇ ನೋಡಿ ವ್ಯತ್ಯಾಸ. ಎಳೆ ವಯಸ್ಸಿನಲ್ಲಿ ಹೀಗೆ ಮೂಳೆ ತಿನ್ನುವ ಬ್ಯಾಕ್ಟೀರಿಯಾ ಒಸಡಿನ ಒಳಗೂ ಹೊಕ್ಕಿರುತ್ತೆ, ಕ್ಲೀನಿಂಗ್‌ನಲ್ಲಿ ಕೆರೆಯುವ ಸ್ಕೇಲರ್ ಅಲ್ಲಿಗೆ ಮುಟ್ಟಲ್ಲ. ಮನೆಯಲ್ಲಿ ತಮ್ಮ, ತಂಗಿ ಇದ್ದರೆ ಅವರ ಬಾಯಿಯನ್ನೂ ತೋರಿಸಿ ಅಂತ ನಮ್ಮ ಡಾಕ್ಟರು ಹೇಳಿದ್ದರು.

ಮಂಗಳೂರಿನವ: ತಮ್ಮಾ, 2020ರ ಯುರೋಪಿನ ಮಾರ್ಗಸೂಚಿ ಓದು. ಕ್ಲೀನಿಂಗ್ ಮಾಡಿಸಿದ ಎಲ್ಲರಿಗೂ ರೂಢಿಯಂತೆ ಮಾತ್ರೆ ಕೊಡಬೇಡಿ ಅಂತಲೇ ಇದೆ.

ದಾವಣಗೆರೆ ಹುಡುಗ: ಪೂರ್ತಿ ಓದಿ ನೀವು. ಚಿಕ್ಕ ವಯಸ್ಸಿನವರಲ್ಲಿ ಜಾಸ್ತಿ ಹಲ್ಲಿಗೆ ಹರಡಿದ್ದರೆ ಕೊಡಬಹುದು ಅಂತಲೂ ಇದೆ.

ಶಿರಸಿಯವರು: ಇಷ್ಟೆಲ್ಲ ಯಾಕೆ? ಕ್ಲೀನಿಂಗ್ ಮಾಡಿಸಿದರೇ ಹಲ್ಲು ಸಡಿಲ ಆಗೋದು. ನಾವು ಬೇವಿನ ಕಡ್ಡಿಯವರು.

ಹುಬ್ಬಳ್ಳಿ ಅಕ್ಕ: ರೀ, ಇಂಥ ಮಾತು ಕೇಳಿಯೇ ನಮ್ಮಪ್ಪ ಒಂದು ವರ್ಷ ತಡ ಮಾಡಿದ್ದು. ಮೂಳೆ ಮೊದಲೇ ಕರಗಿರುತ್ತೆ. ಕಿಟ್ಟ ತೆಗೆದಾಗ ಹಲ್ಲು ಸಡಿಲ ಇರೋದು ಗೊತ್ತಾಗುತ್ತೆ ಅಷ್ಟೇ.

ಬೆಂಗಳೂರಿನವಳು: ಅಕ್ಕಾ, ಫ್ಲಾಪ್‌ಗೆ 28,000 ಜಾಸ್ತಿ ಆಯ್ತು. ಡೆಂಟಲ್ ಕಾಲೇಜಲ್ಲಿ ನನಗೆ 6,000ಕ್ಕೆ ಮುಗಿಯಿತು.

ಹುಬ್ಬಳ್ಳಿ ಅಕ್ಕ: ಗ್ರಾಫ್ಟ್ ಹಾಕಿದ್ದರಾ?

ಬೆಂಗಳೂರಿನವಳು: ಇಲ್ಲ.

ಹುಬ್ಬಳ್ಳಿ ಅಕ್ಕ: ಮತ್ತೆ ಯಾವ ಲೆಕ್ಕ ಹೇಳ್ತಿದ್ದೀಯಮ್ಮ? ಗ್ರಾಫ್ಟಿಗೇ 11,000 ಹೋಯಿತು. ಬಿಲ್ ಇನ್ನೂ ಇಟ್ಟಿದ್ದೀನಿ.